ಒಂಬತ್ತು ದಿನ ಬಿಡುವು

ನಮ್ಮ ಊರಿನಲ್ಲಿ ಹೇಳಿದ ಹೊತ್ತಿಗೆ ಮುಗಿಯದ ಕಟ್ಟಡ ರಸ್ತೆಗೆ ಬೆನ್ನು ತಿರುಗಿಸಿ ನಿಂತುಬಿಡುತ್ತದೆ. ಅಂಚೆ ಕಚೇರಿ ಹಾಗೆ ತಿರುಗಿ ಮೂವತ್ತು ವರ್ಷವಾಯಿತು. ಕಾಗದ ಹಾಕುವವರು ಬಚ್ಚಲ ಕಿಟಕಿಯೊಳಗೆ ಕೈ ತೂರಿಸುತ್ತಾರೆ. ಪೋಸ್ಟ್ ಮಾಸ್ತರರು ಒಳಗಿನಿಂದ ಕೆಮ್ಮಿದರೆ ತಲುಪಿತು ಎಂದು ಅರ್ಥ. ಸಿನಿಮಾ ಟಾಕೀಸು ತಿರುಗಿದ ಮೇಲೆ ಪರದೆಯ ಪಕ್ಕದಿಂದಲೇ ಒಳಗೆ ಹೋಗಬೇಕಾಯಿತು. ತಡವಾಗಿ ಬಂದವರ ನೆರಳು ಪರದೆಯ ಮೇಲೆ ಬಿದ್ದು ನಾಯಕನಿಗಿಂತ ದೊಡ್ಡದಾಗಿ ಕಾಣುತ್ತದೆ ಎಂದು, ಕೆಲವರು ಮೀಸೆ ತೀಡಿಕೊಂಡು ಬೇಕೆಂದೇ ತಡವಾಗಿ ಬರುತ್ತಾರೆ.

ಲೆಕ್ಕ ಸರಳ. ಕಟ್ಟಡ ಯಾವ ಕೆಲಸಕ್ಕೆ ಕಟ್ಟಿದ್ದೋ ಆ ಕೆಲಸಕ್ಕೆಂದೇ ಬಂದ ಮೊದಲ ಮನುಷ್ಯ, ಬಾಯಿಬಿಟ್ಟು ಹೇಳಿದ ಗಳಿಗೆಯೊಳಗೆ ಮುಂಬಾಗಿಲು ದಾಟಿರಬೇಕು. ಅಂಗಡಿಯಾದರೆ ಗಿರಾಕಿ, ಶಾಲೆಯಾದರೆ ಓದುವ ಮಗು. ಗಳಿಗೆ ಹತ್ತಿರವಾದ ಹಾಗೆ ಕಟ್ಟಡ ನರಳಿ ಕದಲತೊಡಗುತ್ತದೆ, ಒಂದು ನಿಮಿಷ ಮೀರಿದರೂ ಗುರ್ ಎಂದು ಪೂರ್ತಿ ತಿರುಗುತ್ತದೆ. ಹೊರಗಿನವರು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ತಿರುಗಲ್ಲ ಎಂದು ನಾವು ಕೇಳುತ್ತೇವೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ನಾನು ಬಡಗಿ ಕಾಳಾಚಾರಿ. ಊರಿನ ಮುಕ್ಕಾಲು ಪಾಲು ಬಾಗಿಲು ನನ್ನ ಕೈಯಲ್ಲೇ ಆದದ್ದು. ಆದರೆ ನನ್ನ ಮನೆ ತಿರುಗಿದ ಮನೆ. ಸೋಮವಾರ ಗೃಹಪ್ರವೇಶ ಎಂದು ಊರಿಗೆಲ್ಲ ಹೇಳಿ, ಮುಂಬಾಗಿಲಿಗೆ ಚಿಲಕ ಜಡಿದದ್ದು ಮಂಗಳವಾರ. ನನ್ನ ಹೆಂಡತಿ ಮೋನಮ್ಮ ಇಪ್ಪತ್ತೆರಡು ವರ್ಷದಿಂದ ಬಚ್ಚಲ ಒಲೆ ದಾಟಿಕೊಂಡು ಮನೆಯೊಳಗೆ ಬರುತ್ತಿದ್ದಾಳೆ. ದಾಟುವಾಗೆಲ್ಲ ಒಂದು ಉಸಿರು ಬಿಡುತ್ತಾಳೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವೆಲ್ಲ ನಕ್ಕು ಮರೆಯಬಹುದಾದ ಸಂಗತಿ. ಹೆರಿಗೆ ಆಸ್ಪತ್ರೆ ತಿರುಗಿದ್ದು ಮಾತ್ರ ಹಾಗಲ್ಲ. ಅದರ ಹಿಂದೆ ಊರಿನ ದೊಡ್ಡ ಚರಂಡಿ ಹರಿಯುತ್ತದೆ. ಬಾಗಿಲು ಆ ಕಡೆಗಾದ ಮೇಲೆ ಚರಂಡಿಗೆ ಅಡ್ಡ ಒಂದು ಹಲಗೆ ಹಾಕಿದರು. ತುಂಬಿದ ಬಸುರಿಯರು ಆಚೀಚೆ ಇಬ್ಬರ ಕೈ ಹಿಡಿದು ಆ ಹಲಗೆ ದಾಟಬೇಕು. ಇಬ್ಬರಿಗೆ ಹಲಗೆಯ ಮೇಲೆಯೇ ಹೆರಿಗೆಯಾಯಿತು. ಅದರಲ್ಲೊಂದು ಮಗುವಿನ ಹೆಸರು ಸೇತುರಾಮ. ಕೊನೆಗೆ ಹೆಂಗಸರೆಲ್ಲ ಸೇರಿ ಪುರಸಭೆಗೆ ಹೋದರು. ಪುರಸಭೆಯೂ ತಿರುಗಿದ್ದೇ, ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರು. ಹೊಸ ಆಸ್ಪತ್ರೆ ಮಂಜೂರಾಯಿತು.

ಅದನ್ನು ಕಟ್ಟಿಸಲು ಬಂದವರು ಇಂಜಿನಿಯರ್ ವಿಶಾಲಾಕ್ಷಮ್ಮ. ಕುಳ್ಳಗೆ, ಗುಂಡಗೆ ಇದ್ದರು. ತುರುಬಿನಲ್ಲಿ ಹೂವಿನ ಬದಲು ಎರಡು ಪೆನ್ಸಿಲ್. ಅವರು ನಕ್ಷೆ ಬಿಚ್ಚುವ ಮೊದಲೇ ನಮ್ಮ ಪುರಸಭೆಯ ಅಧ್ಯಕ್ಷ ಮುರಿಗೆಪ್ಪನವರು ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಸುತ್ತಿಸಿಬಿಟ್ಟರು: "ಮೇ ಇಪ್ಪತ್ತು, ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಉದ್ಘಾಟನೆ!" ಹೇಳಿದ್ದು ಹೇಳಿ ಆಯಿತು. ವಿಶಾಲಾಕ್ಷಮ್ಮ ಮೈಕಿನ ಸದ್ದು ದೂರವಾಗುವವರೆಗೂ ಕಣ್ಣು ಮುಚ್ಚಿಕೊಂಡು ನಿಂತಿದ್ದರಂತೆ. ಆಮೇಲೆ ಒಂದು ಉಂಡೆ ಕೆಂಪು ದಾರ, ಒಂದು ಉಂಡೆ ಬಿಳಿ ದಾರ ತರಿಸಿದರು.

ಸಿಮೆಂಟಿನ ಶೆಡ್ಡಿನ ಗೋಡೆ ತುಂಬ ಮೊಳೆ ಹೊಡೆದು ಅವರು ದಾರ ಕಟ್ಟಿದ್ದನ್ನು ನೋಡಲು ನಾನೂ ಹೋದೆ. ಪಾಯದಿಂದ ಹಿಡಿದು ಗೋಡೆ, ತಾರಸಿ, ಸಾರಣೆ, ನೆಲ, ಕೊನೆಗೆ ಅಧ್ಯಕ್ಷರ ಭಾಷಣದವರೆಗೆ ಒಂದೇ ಕೆಂಪು ದಾರ. ಬಿಗಿಯೆಂದರೆ ಬಿಗಿ, ಮಿಡಿದರೆ ಟಿಂಗ್ ಎನ್ನುತ್ತಿತ್ತು. ಮಿಕ್ಕ ಕೆಲಸಗಳಿಗೆ ಬಿಳಿ ದಾರ. ನನ್ನದು ಒಣಗಿದ ಬಟ್ಟೆ ತೆಗೆದ ಮೇಲಿನ ಹಗ್ಗದಂತೆ ಜೋಲುಬಿದ್ದಿತ್ತು. ನನಗೆ ಅವಮಾನವಾಯಿತು.

"ಬಿಗಿ ಮಾಡ್ಲಾ ಅಮ್ಮಾ?" ಎಂದೆ.

"ಮುಟ್ಟಬೇಡಿ ಆಚಾರ್ರೇ! ಅದು ಜೋಲಾಡ್ತಿರೋದ್ರಿಂದಲೇ ನನಗೆ ಎರಡು ತುತ್ತು ಊಟ ಸೇರ್ತಿರೋದು," ಎಂದರು ಅವರು. "ಮರ ಕೊಯ್ಯೋದು, ಬಾಗಿಲು ಮಾಡೋದು, ಬಣ್ಣ ಹೊಡೆಯೋದು, ನಿಲ್ಲಿಸೋದು, ಇಷ್ಟೂ ನಿಮ್ಮ ಸಾಲು. ಗೋಡೆ ಸಾರಣೆ ಆದಮೇಲೆ ಉದ್ಘಾಟನೆ ಒಳಗೆ ಯಾವತ್ತು ನಿಲ್ಲಿಸಿದ್ರೂ ನಡೆಯುತ್ತೆ. ಒಂಬತ್ತು ದಿನ ಬಿಡುವಿದೆ. ಏನಾದ್ರೂ ಎಡವಟ್ಟಾದ್ರೆ ಅದರಲ್ಲೇ ಮುಳುಗಿ ಹೋಗುತ್ತೆ, ಉದ್ಘಾಟನೆವರೆಗೂ ಬರಲ್ಲ. ಗಾರೆಯವರಿಗೆ ಒಂದು ದಿನಾನೂ ಇಲ್ಲ, ಅವರದು ಕೆಂಪು. ಆದ್ರೆ ನೆನಪಿರಲಿ, ಈ ಒಂಬತ್ತು ನಿಮ್ಮೊಬ್ಬರದಲ್ಲ. ನಿಮ್ಮ ಸಾಲಲ್ಲಿ ಇರೋರೆಲ್ಲರದೂ ಸೇರಿ ಒಂಬತ್ತು. ಯಾರಿಗೂ ಹೇಳಬೇಡಿ."

ನಾನು ಯಾರಿಗೂ ಹೇಳಲಿಲ್ಲ. ಮೋನಮ್ಮನಿಗೆ ಮಾತ್ರ ಹೇಳಿದೆ. ಮೋನಮ್ಮನೂ ಯಾರಿಗೂ ಹೇಳಲಿಲ್ಲ, ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದವರಿಗೆ ಮಾತ್ರ ಹೇಳಿದಳು. ಸಂಜೆ ನಾನು ಬೀದಿಗಿಳಿದರೆ ಹೋಟೆಲಿನವರು ಎದ್ದು ನಿಂತು ಕುರ್ಚಿ ಒರೆಸಿದರು. ಒಂಬತ್ತು ದಿನ ಸುಮ್ಮನೆ ಇಟ್ಟುಕೊಂಡಿರುವ ಮನುಷ್ಯನನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ.

ಮರುದಿನವೇ ಅಧ್ಯಕ್ಷರು ಓಡಿಬಂದರು. ವಿಶಾಲಾಕ್ಷಮ್ಮ ನನ್ನ ಕೊಟ್ಟಿಗೆಯಲ್ಲೇ ಮರ ನೋಡುತ್ತಿದ್ದರು.

"ಏನ್ರೀ ಇದು, ಒಂಬತ್ತು ದಿನ ಉಳಿದಿದೆಯಂತೆ! ನಂಗ್ಯಾಕ್ರೀ ಹೇಳ್ಲಿಲ್ಲ? ಮೇ ಹನ್ನೊಂದಕ್ಕೇ ಉದ್ಘಾಟನೆ ಇಟ್ಟುಬಿಡೋಣ. ಆಟೋ ಕರೆಸಿದ್ದೀನಿ."

"ಸಾರ್, ದಯವಿಟ್ಟು ಆಟೋ ನಿಲ್ಲಿಸಿ," ಎಂದರು ವಿಶಾಲಾಕ್ಷಮ್ಮ. ನಿಲ್ಲಿಸಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ಮಾತಾಡಿದರು. "ಬಾಗಿಲು ಒಂಬತ್ತು ದಿನ ಮೊದಲೇ ಆದ್ರೆ ನೆಲ ಮೊದಲೇ ಆಗಿಬಿಡುತ್ತಾ? ಬರೀ ಬಾಗಿಲು ಉದ್ಘಾಟನೆ ಮಾಡ್ತೀರಾ?"

"ಹಾಗಾದ್ರೆ ಆ ಒಂಬತ್ತು ದಿನ ಎಲ್ಲಿಟ್ಟಿದ್ದೀರಿ?"

"ಎಲ್ಲೂ ಇಟ್ಟಿಲ್ಲ ಸಾರ್. ಅದು ಇಡೋ ವಸ್ತುವಲ್ಲ."

ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ. ಹೋಗುವಾಗ ನನ್ನ ಮರದ ಹೊಟ್ಟಿನ ರಾಶಿಯನ್ನು ಕೋಲಿನಿಂದ ಕೆದಕಿ ನೋಡಿ ಹೋದರು.

ಮೊದಲ ಎಡವಟ್ಟು ಸಾಮಿಲ್ಲಿನಲ್ಲಾಯಿತು. ಸಾಮಿಲ್ಲಿನ ಫಕ್ರುದ್ದೀನ್ ಸಾಹೇಬರ ಆಡು ಗರಗಸದ ತೊಗಲು ಪಟ್ಟಿಯನ್ನು ಅರ್ಧ ತಿಂದುಹಾಕಿತು. ಹೊಸ ಪಟ್ಟಿ ಬರುವವರೆಗೆ ಮೂರು ದಿನ ಕೊಯ್ತ ನಿಂತಿತು. ಬೇರೆ ಕಾಲದಲ್ಲಾಗಿದ್ದರೆ ಸಾಹೇಬರು ಆಡನ್ನು ಊರು ಬಿಡಿಸುತ್ತಿದ್ದರು. ಈ ಸಲ ಅದರ ಕತ್ತು ಸವರುತ್ತ, "ಇರಲಿ ಬಿಡಿ ಆಚಾರ್ರೇ, ನಿಮ್ಮ ಹತ್ರ ಒಂಬತ್ತು ಇದೆಯಲ್ಲ," ಎಂದರು. ನಾನೂ ಜಮೀನ್ದಾರನ ಹಾಗೆ ಕೈ ಬೀಸಿ, "ತಿನ್ಲಿ ಬಿಡಿ," ಎಂದೆ. ವಿಶಾಲಾಕ್ಷಮ್ಮ ಶೆಡ್ಡಿಗೆ ಹೋಗಿ ನನ್ನ ದಾರವನ್ನು ಮೂರು ಬೆರಳಷ್ಟು ಎಳೆದು ಕಟ್ಟಿದರು.

ಆರು ದಿನ ಉಳಿಯಿತು. ಅಷ್ಟು ಹೊತ್ತಿಗೆ ನನ್ನ ಮಗಳು ಪ್ರಭಾವತಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಡಾಕ್ಟರು ಮೇ ಇಪ್ಪತ್ತೈದು ಎಂದಿದ್ದರು. ನನ್ನ ಮೊಮ್ಮಗು ಹೊಸ ಆಸ್ಪತ್ರೆಯಲ್ಲಿ, ನಾನು ಮಾಡಿದ ಬಾಗಿಲಿನ ಹಿಂದೆ ಹುಟ್ಟುತ್ತದೆ! ಆ ಖುಷಿಗೆ ಹೆರಿಗೆ ಕೋಣೆಯ ಬಾಗಿಲಿನ ಮೇಲೆ ಒಂದು ಗಿಣಿ ಕೆತ್ತಲು ಕೂತೆ. ಕೊಕ್ಕು ಕೆತ್ತುವುದರಲ್ಲಿ ಎರಡು ದಿನ ಹೋಯಿತು. "ಹೆರೋಳು ಗಿಣಿ ನೋಡ್ಕೊಂಡು ಕೂರ್ತಾಳಾ?" ಎಂದಳು ಮೋನಮ್ಮ. ಗಿಣಿಯ ಮುಖ ಅವಳ ಹಾಗೇ ಬಂದಿತ್ತು, ಅದನ್ನು ನಾನು ಹೇಳಲಿಲ್ಲ.

ನಾಲ್ಕಕ್ಕೆ ಬಂತು. ಅಷ್ಟರಲ್ಲಿ ಅಧ್ಯಕ್ಷರಿಗೆ ಮುಂಬಾಗಿಲಿನ ಮೇಲೆ ತಮ್ಮ ಹೆಸರಿರಬೇಕು ಎನ್ನಿಸಿತು. ಕೆತ್ತಿದೆ. ನೋಡಲು ಬಂದವರು ಬಾಗಿಲ ಮುಂದೆ ನಿಂತು ತುಟಿ ಅಲ್ಲಾಡಿಸಿದರು. "ಮು... ಗೆಪ್ಪ. ಆಚಾರ್ರೇ, 'ರಿ' ಎಲ್ಲಿ?" 'ರಿ' ಎಲ್ಲೂ ಇರಲಿಲ್ಲ. ಹಲಗೆ ಹೆರೆದು ಮತ್ತೆ ಕೆತ್ತಿದ್ದಕ್ಕೆ ಇನ್ನೊಂದು ದಿನ ಹೋಯಿತು.

ಮೂರು. ಆಗ ಬಣ್ಣದ ಲಾಜರ್ ಬಂದ. ಲಾಜರ್ ಬಣ್ಣ ಹೊಡೆಯುವುದು ಹೊಟ್ಟೆಪಾಡಿಗೆ. ಅವನ ಜೀವವೆಲ್ಲ ಮದುವೆ ಬ್ಯಾಂಡಿನಲ್ಲಿ ಊದುವ ಕ್ಲಾರಿನೆಟ್ಟಿನಲ್ಲಿ. "ಅಣ್ಣಾ, ಎರಡು ದಿನ ಮದುವೆ ಇದೆ. ಹುಡುಗ ಕುದುರೆ ಮೇಲೆ ಬರ್ತಾನಂತೆ! ಕುದುರೆ ಮುಂದೆ ಊದೋ ಯೋಗ ಮತ್ತೆ ಯಾವಾಗ ಬರುತ್ತೆ? ಎರಡೇ ದಿನ ಕೊಡಣ್ಣಾ," ಎಂದು ಕೈ ಹಿಡಿದುಕೊಂಡ. ವಿಶಾಲಾಕ್ಷಮ್ಮನನ್ನು ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತಿದ್ದರಿಂದ ಕೇಳಲಿಲ್ಲ. ಬಣ್ಣ ಕಾಣದ ಬಾಗಿಲುಗಳೆಲ್ಲ ನನ್ನ ಕೊಟ್ಟಿಗೆಯಲ್ಲಿ ಗೋಡೆಗೊರಗಿ ನಿಂತವು.

ಅದೇ ದಿನ ಆಸ್ಪತ್ರೆಯ ಹಜಾರಕ್ಕೆ ಕೆಂಪು ಗಾರೆ ನೆಲ ಹಾಕಿದ್ದರು. ಗಾರೆ ಮೇಸ್ತ್ರಿ ಹುಚ್ಚೀರಪ್ಪ ಬೆಳಗಿನಿಂದ ಮಂಡಿಯೂರಿ, ಮುಖ ನೋಡಿಕೊಳ್ಳುವ ಹಾಗೆ ನಯ ಮಾಡಿ ಆಗಷ್ಟೇ ಎದ್ದು ಸೊಂಟ ಹಿಡಿದುಕೊಂಡಿದ್ದರು. ಮದುವೆಯ ಮೆರವಣಿಗೆ ಮುಂದಿನ ರಸ್ತೆಯಲ್ಲಿ ಬಂತು. ಲಾಜರ್ ಕುದುರೆಯ ಕಿವಿಯ ಹತ್ತಿರ ನಿಂತು, ತನ್ನ ಜನ್ಮದಲ್ಲೇ ಅತಿ ಎತ್ತರದ ಸ್ವರ ಹಿಡಿದ. ಕುದುರೆ ಎರಡು ಕಾಲ ಮೇಲೆ ನಿಂತಿತು. ಎದುರಿಗೆ ಬಾಗಿಲಿಲ್ಲದ ಚೌಕಟ್ಟು. ಮದುವೆಗಂಡಿನ ಸಮೇತ ಒಳಗೆ ನುಗ್ಗಿತು.

ಹಜಾರದಲ್ಲಿ ಅದು ನಾಲ್ಕು ಸುತ್ತು ಹಾಕಿತು. ಮದುವೆಗಂಡು ಎರಡು ಸುತ್ತು ಕುದುರೆಯ ಮೇಲಿದ್ದ, ಮೂರನೆಯ ಸುತ್ತಿಗೆ ನೆಲದ ಮೇಲಿದ್ದ. ಹೊರಗೆ ಬಂದಾಗ ಒಂದು ಪಕ್ಕ ಪೂರ್ತಿ ಕೆಂಪು. ಅದೇ ಕೋಲದಲ್ಲಿ ತಾಳಿ ಕಟ್ಟಿದನಂತೆ. ಹುಚ್ಚೀರಪ್ಪ ಮಾತ್ರ ಹೊಸಿಲ ಮೇಲೆ ಕೂತು ಗೊರಸಿನ ಗುರುತುಗಳನ್ನು ನೋಡುತ್ತ ಅತ್ತುಬಿಟ್ಟರು.

"ಕಿತ್ತು ಮತ್ತೆ ಹಾಕಬೇಕು," ಎಂದರು ವಿಶಾಲಾಕ್ಷಮ್ಮ. "ಎರಡು ದಿನ ಹೋಯ್ತು." ಅವರ ಹಿಂದೆ ನಾನೂ ಶೆಡ್ಡಿಗೆ ಹೋದೆ. ಅವರು ಗೋಡೆಯ ಕೆಂಪು ದಾರದ ಕಡೆ ನೋಡಿದರು. ಅದರಲ್ಲಿ ಎರಡು ದಿನ ಇರಲಿ, ಎರಡು ಗಳಿಗೆ ಜೋಲೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಮುಂಬಾಗಿಲು ಯಾಕೆ ಇನ್ನೂ ನಿಂತಿಲ್ಲ ಆಚಾರ್ರೇ? ಹೋಗಲಿ, ನಿಮ್ಮ ಕಡೆ ಎಷ್ಟು ದಿನ ಉಳಿದಿದೆ? ನಿಮ್ಮ ನಾಲ್ಕು ಆಳುಗಳನ್ನ ನೆಲಕ್ಕೆ ಹಾಕಿದ್ರೆ ಏನಾದ್ರೂ ಮಾಡಬಹುದು."

"ಒಂದು ದಿನ ಇದೆ ಅಮ್ಮಾ," ಎಂದೆ. ಅದೂ ಇರಲಿಲ್ಲ. ಅವತ್ತು ಮಧ್ಯಾಹ್ನ ಆಸ್ಪತ್ರೆಯ ಗಾಲಿಮಂಚ ತಂದು ಗಿಣಿಯ ಬಾಗಿಲಿಗೆ ಹಿಡಿದು ನೋಡಿದರೆ, ಬಾಗಿಲು ಎರಡು ಬೆರಳು ಕಿರಿದು. ಮನೆಯಲ್ಲಿನ ನಮ್ಮ ಮಂಚದ ಅಳತೆ ಹಿಡಿದು ಮಾಡಿದ್ದೆ. ಚೌಕಟ್ಟು ಸರಿಮಾಡಲು ಒಂದು ದಿನ ಬೇಕು ಎಂದು ಅದನ್ನೂ ಹೇಳಲೇಬೇಕಾಯಿತು. ವಿಶಾಲಾಕ್ಷಮ್ಮ ನನ್ನ ಬಿಳಿ ದಾರ ಬಿಚ್ಚಿ, ಕೆಂಪು ದಾರ ಕಟ್ಟಿದರು. ಮಿಡಿದು ತೋರಿಸಿದರು. ಟಿಂಗ್ ಎಂದಿತು. ಚರಂಡಿಯ ಹಲಗೆಯ ಮೇಲೆ ಪ್ರಭಾವತಿ ಕಾಲಿಡುವುದು ಕಣ್ಣಿಗೆ ಕಟ್ಟಿತು. ಒಂಬತ್ತು ದಿನ ಇದ್ದಾಗ ಅವು ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಆ ಹೊತ್ತಿಗೆ ಗೋಡೆಯ ಮೇಲೆ ಜೋಲಾಡುತ್ತಿದ್ದ ದಾರ ಒಂದೇ ಒಂದು. ಅದು ಕಾಂಪೌಂಡ್ ಕಟ್ಟುತ್ತಿದ್ದ ದ್ಯಾವಪ್ಪನದು. ಅವನಿಗೂ ಐದು ದಿನ ಬಿಡುವು ಕೊಟ್ಟು, ಯಾರಿಗೂ ಹೇಳಬೇಡ ಎಂದಿದ್ದರು. ದ್ಯಾವಪ್ಪ ಹೇಳಿರಲಿಲ್ಲ. ಹೇಳುವುದಕ್ಕೆ ಅವನಿಗೆ ಊರಿನಲ್ಲಿ ಯಾರ ಜೊತೆಯೂ ಮಾತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಹುಚ್ಚೀರಪ್ಪ ಅವನು ಕಟ್ಟಿದ ಗೋಡೆಯನ್ನು ಸೊಟ್ಟ ಎಂದಿದ್ದರಿಂದ, ಅವರ ಮೇಲಿನ ಸಿಟ್ಟಿಗೆ ಇಡೀ ಊರಿನ ಜೊತೆ ಮಾತು ಬಿಟ್ಟಿದ್ದ. ಕೇಳುವವರು ಇಲ್ಲದ್ದರಿಂದ ಅವನ ಐದೂ ದಿನ ಹಾಗೇ ಇದ್ದವು.

ವಿಶಾಲಾಕ್ಷಮ್ಮ ಅವನ ಎದುರು ಇಟ್ಟಿಗೆಯ ಮೇಲೆ ಕೂತರು. "ದ್ಯಾವಪ್ಪ, ನೆಲ ಒಣಗೋ ಹೊತ್ತನ್ನ ಯಾರೂ ಕಡಿಮೆ ಮಾಡೋಕಾಗಲ್ಲ. ಹಾಕೋ ಹೊತ್ತನ್ನ ಮಾಡಬಹುದು. ಹಜಾರ, ಹೆರಿಗೆ ಕೋಣೆ ಎರಡೂ ಒಟ್ಟಿಗೆ ಹಾಕಿದ್ರೆ ಕಳೆದುಕೊಂಡಿದ್ದು ಸರಿಹೋಗುತ್ತೆ. ನಿನ್ನ ಆರು ಜನಾನ ಮೂರು ದಿನ ಕೊಡ್ತೀಯಾ? ನಿನ್ನ ಕಾಂಪೌಂಡ್ ಕಾಯುತ್ತೆ."

ದ್ಯಾವಪ್ಪ ಕರಣೆ ಒರೆಸಿದ. ಹುಚ್ಚೀರಪ್ಪನವರ ಕಡೆ ನೋಡಿದ. ಹನ್ನೊಂದು ವರ್ಷದ ಮೇಲೆ ಬಾಯಿ ತೆರೆದ. "ಕೊಡ್ತೀನಿ. ಆದ್ರೆ ಮೊದ್ಲು ಗೋಡೆ ನೆಟ್ಟಗಿತ್ತು ಅಂತ ಹೇಳ್ಲಿ."

"ಯಾವ ಗೋಡೆನೋ?" ಎಂದರು ಹುಚ್ಚೀರಪ್ಪ. ಅವರಿಗೆ ಮರೆತೇಹೋಗಿತ್ತು. ನಾನು ಹಿಂದಿನಿಂದ ಬಲವಾಗಿ ಚಿವುಟಿದೆ. "ಹಾಂ, ಹಾಂ! ನೆಟ್ಟಗಿತ್ತಪ್ಪಾ, ಗೆರೆ ಎಳೆದಂಗಿತ್ತು!"

ಮೂರು ದಿನ ಹನ್ನೆರಡು ಕರಣೆಗಳು ಒಟ್ಟಿಗೆ ಆಡಿದವು. ನಾನು, ನನ್ನ ಆಳುಗಳು ಬಾಗಿಲುಗಳ ಮಧ್ಯೆಯೇ ಬುತ್ತಿ ಬಿಚ್ಚಿ ತಿಂದೆವು. ಲಾಜರ್ ಮೂರು ಕೈ ಇದ್ದವನ ಹಾಗೆ ಬಣ್ಣ ಹೊಡೆದ. ಸಾಹೇಬರು ಆಡನ್ನು ಕಟ್ಟಿಹಾಕಿದರು. ದ್ಯಾವಪ್ಪ ಹನ್ನೊಂದು ವರ್ಷದ ಮಾತೆಲ್ಲ ಆಡುತ್ತಲೇ ಇದ್ದ. ಎರಡನೆಯ ದಿನಕ್ಕೆ ಹುಚ್ಚೀರಪ್ಪ ಕಿವಿಗೆ ಹತ್ತಿ ಇಟ್ಟುಕೊಂಡರು. ಮೇ ಇಪ್ಪತ್ತರ ಬೆಳಿಗ್ಗೆ ಒಂಬತ್ತಕ್ಕೆ ನಾನು ಕೊನೆಯ ಸ್ಕ್ರೂ ತಿರುಗಿಸಿದೆ. ಕಾಂಪೌಂಡಿನ ಕೊನೆಯ ಕಲ್ಲೂ ಆಗಲೇ ಕೂತಿತ್ತು. ವಿಶಾಲಾಕ್ಷಮ್ಮ ತುರುಬಿನಿಂದ ಪೆನ್ಸಿಲ್ ತೆಗೆದು ಎಲ್ಲವನ್ನೂ ಹೊಡೆದುಹಾಕಿದರು. ಉಳಿದದ್ದು ಅಧ್ಯಕ್ಷರ ಭಾಷಣ ಹನ್ನೆರಡು ನಿಮಿಷ, ರಿಬ್ಬನ್ ಒಂದು ನಿಮಿಷ, ಮೊದಲ ಬಸುರಿ ಒಳಗೆ ಹೋಗುವುದು ಒಂದು ನಿಮಿಷ. ಮೊದಲ ಬಸುರಿಯಾಗಿ ಅಧ್ಯಕ್ಷರ ಸೊಸೆಯೇ ರೇಷ್ಮೆ ಸೀರೆ ಉಟ್ಟು ವೇದಿಕೆಯ ಮೇಲೆ ಕೂತಿದ್ದಳು.

ಒಂಬತ್ತೂವರೆಗೆ ಭಾಷಣ ಶುರುವಾಯಿತು. ಒಂಬತ್ತೂ ಮುಕ್ಕಾಲಿಗೆ ಅಧ್ಯಕ್ಷರು ತಾವು ಹುಟ್ಟಿದ ಕಥೆಗೆ ಬಂದಿದ್ದರು. ಹತ್ತಕ್ಕೆ ಎಂಟು ನಿಮಿಷ ಇದ್ದಾಗ ಒಂದನೇ ಕ್ಲಾಸು ಪಾಸಾದರು. ವಿಶಾಲಾಕ್ಷಮ್ಮ ಗಡಿಯಾರ ತೋರಿಸಿದರು. ಅಧ್ಯಕ್ಷರು "ಇನ್ನೊಂದೇ ಮಾತು" ಎಂದು ಎರಡನೇ ಕ್ಲಾಸಿಗೆ ಹೋದರು. ಸೊಸೆಯನ್ನು ಎಬ್ಬಿಸೋಣವೆಂದರೆ, ಮಾವನ ಭಾಷಣದ ನಡುವೆ ಏಳುವುದು ಹೇಗೆ ಎಂದು ಅವಳು ಸೆರಗು ಬಿಗಿಹಿಡಿದು ಕೂತಳು. ಆಗ ಕಟ್ಟಡ ಸಣ್ಣಗೆ ನರಳಿತು. ಆ ಸದ್ದು ನಮ್ಮೂರಿನವರಿಗೆ ಗೊತ್ತು. ಮುಂದಿನ ಸಾಲಿನವರು ಕುರ್ಚಿ ಎತ್ತಿಕೊಂಡು ಹಿಂದೆ ಸರಿದರು. ತಾರಸಿಯಿಂದ ಸುಣ್ಣದ ಪುಡಿ ಉದುರಿತು.

ಅದೇ ಹೊತ್ತಿಗೆ ಊರಿನ ಕಡೆಯಿಂದ ಅಧ್ಯಕ್ಷರ ದನಿಯನ್ನೂ ಮುಳುಗಿಸುವ ಹಾಗೆ ಇನ್ನೊಂದು ದನಿ ಕೇಳಿಸಿತು. "ಅಯ್ಯಯ್ಯೋ! ಅಮ್ಮಾ, ಬೇಗ ಹೋಗಕ್ಕೇಳೇ! ಅಪ್ಪ ಎಲ್ಲೇ?"

ಮೈಕಿನ ಆಟೋ. ಒಳಗಿದ್ದದ್ದು ಪ್ರಭಾವತಿ. ಬೆಳಗಿನಿಂದ ನೋವಿದ್ದರೂ, ಇನ್ನೂ ಐದು ದಿನ ಇದೆಯಲ್ಲ ಎಂದು ಮೋನಮ್ಮ ಜೀರಿಗೆ ಕಷಾಯ ಕುಡಿಸುತ್ತ ಕೂತಿದ್ದಳಂತೆ. ಬೀದಿಯಲ್ಲಿ ಸಿಕ್ಕ ಒಂದೇ ಆಟೋ ಅದು. ಹತ್ತುವ ಗಡಿಬಿಡಿಯಲ್ಲಿ ಯಾರದೋ ಮೊಣಕೈ ತಗಲಿ ಮೈಕು ಚಾಲೂ ಆಗಿತ್ತು. "ಉಸ್ರು ತಗೋ ಮಗಾ, ಉಸ್ರು ತಗೋ. ರೀ, ಗುಂಡಿ ನೋಡ್ಕಂಡು ಓಡ್ಸ್ರೀ! ನಿಮ್ಮನ್ನೂ ಒಬ್ಳು ಹೆತ್ತಿಲ್ವಾ?" ಎಂದು ಮೋನಮ್ಮ ಇಡೀ ಊರಿಗೆ ಕೇಳುವಂತೆ ಬೈಯುತ್ತಿದ್ದಳು. ಆ ಬೈಗುಳಕ್ಕೆ ಜನ ತಾವಾಗಿಯೇ ದಾರಿ ಬಿಟ್ಟರು.

ನಾನು ವೇದಿಕೆ ಹಾರಿ ಓಡಿದೆ. ಆಟೋದಿಂದ ಮಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡೆ. ಅಷ್ಟು ಭಾರದ ತೇಗದ ದಿಮ್ಮಿಯನ್ನೂ ನಾನು ಒಬ್ಬನೇ ಎತ್ತಿದವನಲ್ಲ. ಕಾಲ ಕೆಳಗೆ ಮೆಟ್ಟಿಲು ನಡುಗುತ್ತಿತ್ತು. ಮುಂಬಾಗಿಲು ನನ್ನ ಕಣ್ಣೆದುರಿಗೇ ಎಡಕ್ಕೆ ಸರಿಯತೊಡಗಿತು. ಅಧ್ಯಕ್ಷರು ಕತ್ತರಿ ಎತ್ತಿಕೊಂಡು, "ರೀ, ರಿಬ್ಬನ್! ರಿಬ್ಬನ್ ಕಣ್ರೀ!" ಎಂದು ಕೂಗಿದರು. ರಿಬ್ಬನ್ನು ಪ್ರಭಾವತಿಯ ಹೊಟ್ಟೆಗೆ ಸಿಕ್ಕಿ ಪಟ್ ಎಂದಿತು. ಸರಿಯುತ್ತಿದ್ದ ಬಾಗಿಲನ್ನು ನಾನು ಅಡ್ಡಡ್ಡವಾಗಿ ನುಗ್ಗಿ ದಾಟಿದೆ. ಗುರ್ ಎನ್ನುತ್ತಿದ್ದದ್ದು ಗಕ್ಕನೆ ನಿಂತಿತು. ಹಿಂದಿನಿಂದ ವಿಶಾಲಾಕ್ಷಮ್ಮನ ದನಿ ಬಂತು: "ಒಂಬತ್ತು ಐವತ್ತೊಂಬತ್ತು!"

ಕಟ್ಟಡ ಒಂದು ಮೊಳ ತಿರುಗಿದ್ದು ತಿರುಗಿದ ಹಾಗೇ ಉಳಿಯಿತು. ಈಗಲೂ ಮೆಟ್ಟಿಲು ಹತ್ತಿದವರು ಸ್ವಲ್ಪ ಎಡಕ್ಕೆ ಸರಿದು ಒಳಗೆ ಹೋಗುತ್ತಾರೆ. ಅಧ್ಯಕ್ಷರು ಎಷ್ಟು ಹೊತ್ತಿಗೆ ಐದನೇ ಕ್ಲಾಸು ಮುಗಿಸಿದರೋ ನನಗೆ ಗೊತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಮೊಮ್ಮಗಳು ಹುಟ್ಟಿದಳು.

ಮರುದಿನ ಮಧ್ಯಾಹ್ನ ವಿಶಾಲಾಕ್ಷಮ್ಮ ಮಗು ನೋಡಲು ಆಸ್ಪತ್ರೆಗೆ ಬಂದರು. ಕುರ್ಚಿಯ ಮೇಲೆ ಕೂತು, ಮಗುವಿನ ಅಂಗೈಗೆ ಬೆರಳು ಕೊಟ್ಟರು. ನಾನು ತಡೆಯಲಾರದೆ ಕೇಳಿದೆ: "ಅಮ್ಮಾ, ನಿಜ ಹೇಳಿ. ಇಷ್ಟೆಲ್ಲ ಆದ್ರೂ ನಡೆಸಿಬಿಟ್ರಲ್ಲ, ನಮಗ್ಯಾರಿಗೂ ಹೇಳದೆ ನೀವೂ ಒಂದಷ್ಟು ದಿನ ಬಚ್ಚಿಟ್ಟುಕೊಂಡಿದ್ರಿ ಅಲ್ವಾ? ಎಷ್ಟಿತ್ತು?"

"ಒಂದೂ ಇರಲಿಲ್ಲ ಆಚಾರ್ರೇ," ಎಂದರು. "ಇದ್ದಿದ್ದನ್ನೆಲ್ಲ ನಿಮಗೇ ಹಂಚಿಬಿಟ್ಟಿದ್ದೆ. ಸಾಲು ಸಾಲಿಗೂ ಕೊಟ್ಟೆ. ಕೊನೆಗೆ ನೋಡಿದ್ರೆ ನನಗೆ ಅಂತ ಒಂದು ಮಧ್ಯಾಹ್ನಾನೂ ಮಿಕ್ಕಿರಲಿಲ್ಲ."

ಮೋನಮ್ಮ ಕಾಫಿ ತಂದಳು. ಅಷ್ಟರಲ್ಲಿ ವಿಶಾಲಾಕ್ಷಮ್ಮನ ತಲೆ ಪಕ್ಕಕ್ಕೆ ವಾಲಿತ್ತು. ತುರುಬಿನಿಂದ ಒಂದು ಪೆನ್ಸಿಲ್ ಜಾರಿ ತೊಡೆಯ ಮೇಲೆ ಬಿತ್ತು. ಮಗು ಬೆರಳು ಹಿಡಿದೇ ಇತ್ತು, ಅವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಮೋನಮ್ಮ ಲೋಟವನ್ನು ಸದ್ದಾಗದ ಹಾಗೆ ನನ್ನ ಕೈಗೆ ಕೊಟ್ಟಳು.

ಹೊರಗೆ ಹೆಜ್ಜೆ ಸಪ್ಪಳವಾಯಿತು. ಅಧ್ಯಕ್ಷರು. ಮೊಗದ ತುಂಬ ಉತ್ಸಾಹ. ನಾನು ಹೊಸಿಲ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡೆ.

"ಇಂಜಿನಿಯರಮ್ಮ ಒಳಗಿದ್ದಾರಂತಲ್ಲ? ಸಂತೆ ಮಾರುಕಟ್ಟೆ ಕಟ್ಟಿಸಬೇಕು. ಒಂದು ತಾರೀಕು ಕೇಳಿಬಿಡ್ತೀನಿ. ಎರಡೇ ನಿಮಿಷ."

"ಈಗಾಗಲ್ಲ," ಎಂದೆ.

"ಮತ್ತೆ ಯಾವಾಗ್ರೀ? ಎಷ್ಟು ಹೊತ್ತಾಗುತ್ತೆ?"

"ಎಷ್ಟಾಗುತ್ತೋ ಅಷ್ಟು," ಎಂದೆ. "ಅಲ್ಲಿ ಬೆಂಚಿದೆ, ಕೂತ್ಕೊಳ್ಳಿ."

ಅಧ್ಯಕ್ಷರು ನನ್ನ ಮುಖ ನೋಡಿದರು, ಮುಚ್ಚಿದ ಬಾಗಿಲು ನೋಡಿದರು. ಆಮೇಲೆ ನಿಧಾನವಾಗಿ ಬೆಂಚಿನ ಒಂದು ತುದಿಗೆ ಕೂತರು. ನಾನು ಆ ಕಾಫಿಯನ್ನು ಅವರ ಕೈಗೆ ಕೊಟ್ಟು, ಇನ್ನೊಂದು ತುದಿಗೆ ಕೂತುಕೊಂಡೆ.